ಎರಡು ಆಟದ ನಡುವಿನ ಮೂರು ನಿಮಿಷ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆ ಮುಗಿಯಿತು, ಆಮೇಲೆ ಸಂಜೆ ಅನ್ನುವುದೇ ಇಲ್ಲ. ಐದು ಗಂಟೆಗೆಲ್ಲ ಕತ್ತಲು. ನಮ್ಮ ಮನೆಯವರಿಗೆ ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ, ವಾರಕ್ಕೆ ಮೂರು ರಾತ್ರಿ ಪಾಳಿ. ಮಗ ಎ-ಲೆವೆಲ್ ಓದುತ್ತಾನೆ, ನಮ್ಮ ಪಿಯುಸಿ ಇದ್ದಹಾಗೆ. ಊಟ ಮುಗಿಸಿ ಮಹಡಿ ಹತ್ತಿದರೆ ಇಳಿಯುವುದು ಬೆಳಗ್ಗೆಯೇ. ಕೆಳಗೆ ನಾನು, ಹೀಟರ್, ಟಿವಿ. 2024ರ ಆ ಚಳಿಗಾಲದಲ್ಲಿ ನನಗೆ ಆನ್‌ಲೈನ್ ಬಿಂಗೋ ಅನ್ನುವ ದುಡ್ಡಿನ ಅಂಕಿ ಆಟ ಅಂಟಿಕೊಂಡಿತು.

ಅಂಟಿಸಿದ್ದು ಪಕ್ಕದ ಮನೆಯ ಅಜ್ಜಿ. ಎಂಬತ್ತರ ಹತ್ತಿರದ ವಯಸ್ಸು. ಇಲ್ಲಿನ ಹಳೆಯ ಜನ ಎಲ್ಲರನ್ನೂ 'ಮಿ ಡಕ್' ಅಂತ ಕರೆಯುತ್ತಾರೆ. ಪದಕ್ಕೆ ಪದ ಹೇಳಿದರೆ 'ನನ್ನ ಬಾತುಕೋಳಿ' ಅಂತಾಗುತ್ತದೆ, ಆದರೆ ಅದು ನಮ್ಮ 'ಪುಟ್ಟಿ', 'ಮರಿ' ಇದ್ದಹಾಗೆ. ಅಜ್ಜಿ ವಯಸ್ಸಿನಲ್ಲಿದ್ದಾಗ ವಾರಕ್ಕೆ ಎರಡು ಸಲ ಬಿಂಗೋ ಹಾಲ್‌ಗೆ ಹೋಗುತ್ತಿದ್ದರಂತೆ. ಬ್ರಿಟನ್ನಿನಲ್ಲಿ 1960ರ ಕಾಯಿದೆ ಬಂದಮೇಲೆ ದುಡ್ಡು ಕಟ್ಟಿ ಆಡುವ ಬಿಂಗೋ ಕ್ಲಬ್‌ಗಳು ಎಲ್ಲೆಲ್ಲೂ ಹುಟ್ಟಿಕೊಂಡವು. ಟಿವಿ ಬಂದು ಖಾಲಿ ಹೊಡೆಯುತ್ತಿದ್ದ ಎಷ್ಟೋ ಸಿನಿಮಾ ಟಾಕೀಸುಗಳೇ ಬಿಂಗೋ ಹಾಲ್‌ಗಳಾದವು. 2007ರ ಜುಲೈಯಿಂದ ಒಳಗೆ ಸಿಗರೇಟು ಸೇದುವಂತಿಲ್ಲ ಅಂತಾದಾಗ ಅಜ್ಜಿಯ ಗೆಳತಿಯರು ಒಬ್ಬೊಬ್ಬರಾಗಿ ಬರುವುದು ಬಿಟ್ಟರಂತೆ. ಆಮೇಲೆ ಹಾಲೂ ಮುಚ್ಚಿತು. 'ಈಗ ಎಲ್ಲಾ ಫೋನಲ್ಲಿ ಆಡ್ತಾರೆ ಮಿ ಡಕ್, ನನ್ನ ಕಣ್ಣಿಗೆ ಅದು ಆಗಲ್ಲ, ನೀನು ಆಡಿ ಹೇಳು' ಅಂದರು. ಕುತೂಹಲಕ್ಕೆ ಇಷ್ಟು ಸಾಕಾಯಿತು.

ಟಿಕೆಟ್ ನೋಡಿದ ತಕ್ಷಣ ನಗು ಬಂತು. ಇದು ನಮ್ಮ ಹೌಸಿ! ಶಿವಮೊಗ್ಗದಲ್ಲಿ ಮದುವೆ ಮನೆಯ ಹಿಂದಿನ ರಾತ್ರಿ, ಕನ್ನಡ ಸಂಘದ ರಾಜ್ಯೋತ್ಸವದಲ್ಲಿ, ಅಪಾರ್ಟ್‌ಮೆಂಟಿನ ಗಣಪತಿಯಲ್ಲಿ ಆಡುವ ಅದೇ ಚೀಟಿ. ಮೂರು ಸಾಲು, ಒಂಬತ್ತು ಕಂಬ, ಸಾಲಿಗೆ ಐದರಂತೆ ಹದಿನೈದು ಅಂಕಿ. 1ರಿಂದ 90ರವರೆಗಿನ ಅಂಕಿಗಳನ್ನು ಒಂದೊಂದಾಗಿ ಆರಿಸಿ ಕೂಗುವುದು, ಚೀಟಿಯಲ್ಲಿದ್ದರೆ ಗುರುತು ಹಾಕುವುದು. ವ್ಯತ್ಯಾಸ ಬಹುಮಾನದಲ್ಲಿ ಮಾತ್ರ. ನಮ್ಮಲ್ಲಿ ಜಲ್ದಿ ಫೈವ್, ನಾಲ್ಕು ಮೂಲೆ, ಮೇಲಿನ ಸಾಲು, ನಡುವಿನ ಸಾಲು ಅಂತ ಹತ್ತಾರು ಆಸೆ ತೋರಿಸುತ್ತೇವೆ. ಇಲ್ಲಿ ಮೂರೇ: ಯಾವುದಾದರೂ ಒಂದು ಸಾಲು, ಎರಡು ಸಾಲು, ಫುಲ್ ಹೌಸ್ ಅಂದರೆ ಹದಿನೈದೂ ಅಂಕಿ.

ಇನ್ನೊಂದು ವಿಷಯ ನನಗೆ ಗೊತ್ತಿರಲಿಲ್ಲ. ಇಲ್ಲಿ ಆರು ಟಿಕೆಟ್ ಸೇರಿಸಿ ಒಂದು ಪಟ್ಟಿಯಾಗಿ ಕೊಡುತ್ತಾರೆ. ಆರು ಹದಿನೈದಲೆ ತೊಂಬತ್ತು. ಅಂದರೆ 1ರಿಂದ 90ರವರೆಗಿನ ಪ್ರತಿ ಅಂಕಿಯೂ ಆ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಯಾವ ನಂಬರ್ ಕೂಗಿದರೂ ನಿಮ್ಮ ಒಂದು ಮನೆ ತುಂಬುತ್ತದೆ. ಗೆಲ್ಲುವ ಸಾಧ್ಯತೆಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಆರು ಬಿಡಿ ಟಿಕೆಟ್ ಕೊಂಡರೂ ಹೆಚ್ಚೂಕಡಿಮೆ ಅಷ್ಟೇ. ಆದರೆ ಕೂತವರಿಗೆ ಪ್ರತಿ ಕರೆಯೂ ತಮಗೇ ಅನಿಸುತ್ತದೆ. ಯಾರ ತಲೆಗೆ ಹೊಳೆಯಿತೋ, ಜಾಣರು.

ನಂಬರ್ ಕೂಗುವ ರೀತಿಯೇ ಒಂದು ಭಾಷೆ. 22ಕ್ಕೆ ಎರಡು ಪುಟ್ಟ ಬಾತು ಅನ್ನುತ್ತಾರೆ, ಹಾಲ್‌ನಲ್ಲಿ ಕೂತವರೆಲ್ಲ 'ಕ್ವಾಕ್ ಕ್ವಾಕ್' ಅನ್ನಬೇಕು. 88 ಇಬ್ಬರು ದಪ್ಪ ಹೆಂಗಸರು. 9 ಅಂದರೆ ಡಾಕ್ಟರ ಆಜ್ಞೆ, ಯುದ್ಧದ ಕಾಲದಲ್ಲಿ ಸೈನ್ಯದ ಡಾಕ್ಟರು ಕೊಡುತ್ತಿದ್ದ ಒಂಬತ್ತನೇ ನಂಬರಿನ ಗುಳಿಗೆಯಿಂದ ಬಂದದ್ದಂತೆ. 80ಕ್ಕೆ 'ಗಾಂಧಿಯ ತಿಂಡಿ' ಅನ್ನುವವರೂ ಇದ್ದಾರೆ. ಇಂಗ್ಲಿಷಿನಲ್ಲಿ ಎಂಟು ಅನ್ನುವುದೂ 'ತಿಂದರು' ಅನ್ನುವುದೂ ಒಂದೇ ಥರ ಕೇಳುತ್ತದಲ್ಲ, ಎಂಟು ಸೊನ್ನೆ ಅಂದರೆ 'ತಿಂದದ್ದು ಸೊನ್ನೆ'. ಮೊದಲ ಸಲ ಕೇಳಿದಾಗ ಸ್ವಲ್ಪ ಚುಚ್ಚಿತು. ಆಮೇಲೆ ನಕ್ಕೆ.

ನಮ್ಮ ಮನೆಯಲ್ಲಿ ಇದಕ್ಕೆ ಕನ್ನಡದ ಪಟ್ಟಿಯೇ ಇದೆ. ಲಾಕ್‌ಡೌನ್ ದಿನಗಳಲ್ಲಿ ಅಪ್ಪ, ಅಮ್ಮ, ತಂಗಿ, ನಾವು ಎಲ್ಲಾ ವಿಡಿಯೋ ಕಾಲ್‌ನಲ್ಲಿ ಹೌಸಿ ಆಡುತ್ತಿದ್ದಾಗ ಅಪ್ಪ ಕಟ್ಟಿದ್ದು. 5 ಪಾಂಡವರು, 10 ರಾವಣನ ತಲೆ, 18 ಅಯ್ಯಪ್ಪನ ಮೆಟ್ಟಿಲು, 27 ನಕ್ಷತ್ರ, 60 ಅರಳು ಮರಳು. 3 ಬಂದರೆ ಎಲ್ಲರೂ ಒಟ್ಟಿಗೆ 'ಮೂರು ನಾಮ!'

ಆ ಮೂರು ನಾಮ ನನಗೆ ಮೊದಲ ವಾರದಲ್ಲೇ ಬಿತ್ತು.

ಖಾತೆ ತೆರೆಯುವಾಗ ನಾನು ಹುಷಾರಾಗಿಯೇ ಇದ್ದೆ. ಪುಟದ ಕೊನೆಯಲ್ಲಿ ಲೈಸೆನ್ಸ್ ನಂಬರ್ ಇದೆಯಾ ನೋಡಿದೆ, ಅದನ್ನು ಜೂಜಿಗೆ ಲೈಸೆನ್ಸ್ ಕೊಡುವ ಇಲ್ಲಿನ ಗ್ಯಾಂಬ್ಲಿಂಗ್ ಕಮಿಷನ್ ಪಟ್ಟಿಯಲ್ಲಿ ತಾಳೆ ಹಾಕಿದೆ. ಒಂದು ಪೆನ್ನಿ (ನೂರು ಸೇರಿದರೆ ಒಂದು ಪೌಂಡ್) ಆಡುವ ಮೊದಲೇ ಅವರು ನಮ್ಮ ವಯಸ್ಸು, ಹೆಸರು, ವಿಳಾಸ ಖಚಿತಪಡಿಸಿಕೊಳ್ಳಬೇಕು, ಅದು ನಿಯಮ. 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡ್‌ನಲ್ಲಿ ಆಡುವಂತಿಲ್ಲ, ಡೆಬಿಟ್ ಕಾರ್ಡೇ ಬೇಕು. ಒಳ್ಳೆಯದೇ ಆಯಿತು ಅಂದುಕೊಂಡೆ. ಇಷ್ಟೆಲ್ಲಾ ನೋಡಿದವಳು ಬೋನಸ್ ಷರತ್ತು ಮಾತ್ರ ಓದಲಿಲ್ಲ. 10 ಪೌಂಡ್ ಹಾಕಿದರೆ 30 ಪೌಂಡ್ ಬೋನಸ್. ಯಾರಿಗೆ ಬೇಡ?

ಎರಡನೇ ರಾತ್ರಿಯೇ ಫುಲ್ ಹೌಸ್ ಬಂತು. 14 ಪೌಂಡ್. ಖುಷಿಯಲ್ಲಿ ಬ್ಯಾಂಕಿಗೆ ಕಳಿಸಲು ಹೋದರೆ ಆಗಲಿಲ್ಲ. ಆಗ ಕೂತು ಓದಿದೆ. ಮೊದಲು ಖರ್ಚಾಗುವುದು ನಾವು ಹಾಕಿದ ಹಣ, ಆಮೇಲೆ ಬೋನಸ್. ಬೋನಸ್‌ನಿಂದ ಗೆದ್ದದ್ದು ಕೈಗೆ ಬರಬೇಕಾದರೆ ಹಾಕಿದ್ದನ್ನೂ ಬೋನಸ್ಸನ್ನೂ ಸೇರಿಸಿ ಅದರ ನಾಲ್ಕು ಪಟ್ಟು ಆಡಬೇಕು. 40ರ ನಾಲ್ಕು ಪಟ್ಟು 160 ಪೌಂಡ್. ನಾನು ಆಡುತ್ತಿದ್ದದ್ದು 5 ಪೆನ್ನಿಯ ಟಿಕೆಟ್. ಅಂದರೆ 3,200 ಟಿಕೆಟ್. ಆಟಕ್ಕೆ ಆರರಂತೆ 533 ಆಟ. ಒಂದು ಆಟ, ಅದರ ನಂತರದ ಬಿಡುವು ಸೇರಿ ಆರು ನಿಮಿಷ ಅಂದರೂ 53 ಗಂಟೆ. ಅಷ್ಟು ಹೊತ್ತು ಕೂತರೆ ಆ 14 ಪೌಂಡ್ ಉಳಿದಿರುತ್ತದಾ? ಖಾತೆ ಮುಚ್ಚಿದೆ. 10 ಪೌಂಡ್ ಹೋಯಿತು. ಅವರು ಸುಳ್ಳು ಹೇಳಿರಲಿಲ್ಲ, ಎಲ್ಲವೂ ಬರೆದೇ ಇತ್ತು. ಅದೇ ಜಾಸ್ತಿ ಸಿಟ್ಟು ತರಿಸಿತು.

ಬೇರೊಂದು ಕಡೆ ಸೇರಿದೆ. ಈ ಸಲ ಬೋನಸ್ ಬೇಡ ಅನ್ನುವ ಚೌಕಕ್ಕೆ ಟಿಕ್ ಹಾಕಿದೆ. ತಿಂಗಳಿಗೆ 20 ಪೌಂಡ್‌ಗಿಂತ ಹೆಚ್ಚು ಹಾಕಲಾಗದಂತೆ ಮಿತಿ ಇಟ್ಟೆ. ಮಿತಿ ಇಳಿಸಿದರೆ ತಕ್ಷಣ ಜಾರಿ, ಏರಿಸಬೇಕಾದರೆ ಕನಿಷ್ಠ ಒಂದು ದಿನ ಕಾಯಬೇಕು. ಯಾರ ಮನಸ್ಸೂ ರಾತ್ರಿ ಹತ್ತಕ್ಕೆ ಇದ್ದಂತೆ ಮಾರನೇ ದಿನ ಇರುವುದಿಲ್ಲ, ಅದನ್ನು ತಿಳಿದೇ ಮಾಡಿದ ನಿಯಮ ಇರಬೇಕು.

ಇಲ್ಲಿ ಆಟ ಚೆನ್ನಾಗಿ ಕುದುರಿತು. ಉರುಳುವ ಚೆಂಡು ಬರೀ ಚಿತ್ರ, ನಂಬರ್ ಆರಿಸುವುದು ಕಂಪ್ಯೂಟರ್. ಗುರುತು ಹಾಕುವುದೂ ಅದೇ, ಗೆದ್ದಾಗ 'ಹೌಸ್' ಅಂತ ಕೂಗುವುದೂ ಅದೇ. ನಾವು ಗಮನಿಸದಿದ್ದರೂ ಬಹುಮಾನ ತಪ್ಪುವುದಿಲ್ಲ. ಇದನ್ನು ಹೇಳಿದಾಗ ಅಜ್ಜಿ, 'ಹಾಗಾದ್ರೆ ನೀನು ಏನ್ ಮಾಡ್ತೀಯ?' ಅಂದರು. ಒಳ್ಳೆ ಪ್ರಶ್ನೆ. ನಾನು ಹರಟೆ ಹೊಡೆಯುತ್ತಿದ್ದೆ. ಪಕ್ಕದಲ್ಲೇ ಚಾಟ್ ಓಡುತ್ತಿರುತ್ತದೆ, ಅದಕ್ಕೊಬ್ಬ ಹೋಸ್ಟ್. ಹಾಲ್‌ನಲ್ಲಿ ನಂಬರ್ ಕೂಗುವಾಗ ಉಸಿರೆತ್ತುವಂತಿಲ್ಲವಂತೆ, ಪಿಸುಗುಟ್ಟಿದರೂ ನಾಲ್ಕು ಜನ ತಿರುಗಿ ದುರುಗುಟ್ಟುತ್ತಾರಂತೆ. ಇಲ್ಲಿ ಉಲ್ಟಾ. ಯಾರದೋ ಬೆಕ್ಕಿಗೆ ಆಪರೇಷನ್, ಯಾರದೋ ಮೊಮ್ಮಗಳಿಗೆ ಡ್ರೈವಿಂಗ್ ಲೈಸೆನ್ಸ್. ಲಿವರ್‌ಪೂಲ್ ಕಡೆಯ ಒಬ್ಬಾಕೆಗೆ ನಾನು ಚಾಟ್‌ನಲ್ಲೇ ತಿಳಿಸಾರು ಮಾಡುವುದು ಹೇಳಿಕೊಟ್ಟೆ. ಇನ್ನೊಂದು ನಂಬರ್ ಬಂದರೆ ಗೆಲುವು ಅನ್ನುವಾಗ ಎಲ್ಲರೂ 'ಒನ್ ಟಿಜಿ' ಅಂತ ಬರೆಯುತ್ತಾರೆ. ಒನ್ ಟು ಗೋ, ಇನ್ನೊಂದೇ ಬಾಕಿ. ಎದೆ ಡವಡವ ಅನ್ನುವುದು ಆಗಲೇ.

ನನಗೆ ವಾರದಲ್ಲಿ ಎರಡು-ಮೂರು ಸಲ ಒನ್ ಟಿಜಿ ಬರುತ್ತಿತ್ತು. 'ಕೂದಲೆಳೆಯಲ್ಲಿ ತಪ್ಪಿತು ಕಣೋ' ಅಂತ ಮಗನ ಮುಂದೆ ಒಮ್ಮೆ ಅಂದೆ. ಅವನು ಹೋಂವರ್ಕ್ ಬಿಟ್ಟು ಕ್ಯಾಲ್ಕುಲೇಟರ್ ಹಿಡಿದು ಕೂತ. ನಾವೆಲ್ಲ ಒಟ್ಟಿಗೆ ಆಡುತ್ತಿದ್ದ ಆನ್‌ಲೈನ್ ರೂಮಿನಲ್ಲಿ ಒಂದು ಆಟಕ್ಕೆ ಸುಮಾರು 900 ಟಿಕೆಟ್ ಮಾರಾಟವಾಗುತ್ತಿತ್ತು. ಒಂದೇ ಟಿಕೆಟನ್ನು ಹಿಡಿದು ಕೂತರೆ ಅದು ತುಂಬಲು ಸರಾಸರಿ 85 ಕರೆ ಬೇಕಂತೆ. 60 ಕರೆಯೊಳಗೆ ತುಂಬುವುದು ಸುಮಾರು 860 ಟಿಕೆಟ್‌ಗೆ ಒಂದು. 900 ಟಿಕೆಟ್ ಇದ್ದಲ್ಲಿ 60ರ ಆಸುಪಾಸಿನಲ್ಲಿ ಆಟ ಮುಗಿಯುವುದು ಅದಕ್ಕೇ. ಇನ್ನು ಕೂದಲೆಳೆಯ ಮಾತು. ಯಾರೋ ಒಬ್ಬರು ಗೆಲ್ಲುವ ಹೊತ್ತಿಗೆ ಹತ್ತು ಹನ್ನೊಂದು ಟಿಕೆಟ್‌ಗಳು ಒಂದೇ ಒಂದು ನಂಬರ್‌ಗಾಗಿ ಬಾಯಿ ತೆರೆದು ಕೂತಿರುತ್ತವಂತೆ. 'ನಿನ್ನ ಕೂದಲು ಅಷ್ಟು ಜನರ ತಲೆಯಲ್ಲೂ ಇದೆ ಅಮ್ಮ' ಅಂದ. ಹೊಡೆಯಬೇಕು ಅನಿಸಿತು, ಆದರೆ ಲೆಕ್ಕ ಸರಿ ಇತ್ತು. ಇನ್ನೂ ಹೇಳಿದ: 900ರಲ್ಲಿ ನಿನ್ನದು ಆರು, ಹಾಗಾಗಿ 150 ಆಟಕ್ಕೆ ಒಂದು ಫುಲ್ ಹೌಸ್ ನಿರೀಕ್ಷೆ ಮಾಡು.

ಅದು ಡಿಸೆಂಬರ್ ಎರಡನೇ ವಾರದಲ್ಲಿ ಬಂತು. ಬೇಕಾಗಿದ್ದದ್ದು 60. ಯಂತ್ರದ ಹೆಂಗಸು 'ಫೈವ್ ಡಜನ್' ಅನ್ನುವುದಕ್ಕೂ ನಾನು 'ಅರಳು ಮರಳು!' ಅಂತ ಕಿರುಚುವುದಕ್ಕೂ ಸರಿಹೋಯಿತು. ಮಗ ಮಹಡಿಯಿಂದ ಓಡಿಬಂದ, ನನಗೇನೋ ಆಯಿತು ಅಂತ. 21 ಪೌಂಡ್ 60 ಪೆನ್ಸ್. ಚಾಟ್ ತುಂಬ ಶಾಭಾಸ್‌ಗಿರಿ.

ಮಾರನೇ ದಿನ ತಂಗಿಗೆ ಫೋನ್ ಮಾಡಿದೆ. 'ಅಕ್ಕಾ, ನನಗೂ ಲಿಂಕ್ ಕಳಿಸೇ' ಅಂದಳು. ಆ ಸೈಟ್‌ಗಳು ಬ್ರಿಟನ್ನಿನಲ್ಲಿ ಇರುವವರಿಗೆ ಮಾತ್ರ ಅಂದೆ. ಕರ್ನಾಟಕದಲ್ಲಿ 2021ರಲ್ಲೇ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧ ಮಾಡಿದ್ದರು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟೇ ಕಾಯಿದೆ ಮಾಡಿ ದೇಶಕ್ಕೆಲ್ಲ ಅನ್ವಯಿಸುವಂತೆ ಬೇಡ ಅಂದಿತು, ಬುದ್ಧಿಯ ಆಟವೋ ಅದೃಷ್ಟದ ಆಟವೋ ಅನ್ನುವ ಭೇದವೂ ಇಲ್ಲ. ತಂಗಿ ಲಿಂಕ್ ಕೇಳುವುದನ್ನು ಬಿಟ್ಟಳು. ನಮ್ಮ ಮನೆಯ ಹೌಸಿ ಮಾತ್ರ ತಿಂಗಳಿಗೊಮ್ಮೆ ನಡೆದೇ ಇದೆ. ಅಮ್ಮ ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಚೀಟಿ ಬರೆದುಕೊಂಡು ಹುಣಸೆ ಬೀಜ ಇಡುತ್ತಾಳೆ. ಗೆದ್ದವರಿಗೆ, ನಾನು ಊರಿಗೆ ಬರುವಾಗ ತರುವ ಚಾಕೊಲೇಟ್‌ನಲ್ಲಿ ಮೊದಲು ಆರಿಸುವ ಹಕ್ಕು. ಅಮ್ಮ ಮೋಸ ಮಾಡುತ್ತಾಳೆ, ಎಲ್ಲರಿಗೂ ಗೊತ್ತು.

ಕ್ಯಾಲೆಂಡರ್ ಅಂದಾಗ ನೆನಪಾಯಿತು. ಅಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದದ್ದು ಗೋಡೆಯ ಕ್ಯಾಲೆಂಡರ್ ಮೇಲೆ. ಅರ್ಧ ಲೀಟರ್, ಒಂದು ಲೀಟರ್, ಬರಲಿಲ್ಲ. ಜನವರಿ ಮೊದಲ ವಾರ ನಾನೂ ಹಾಗೇ ಕೂತೆ. ಖಾತೆಯ ಇತಿಹಾಸ ತೆಗೆದರೆ ಪ್ರತಿ ಆಟದ ವಿವರ ಇರುತ್ತದೆ. ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೂರು ತಿಂಗಳಿಗೆ 60 ಪೌಂಡ್ ಹಾಕಿದ್ದೆ. ಉಳಿದದ್ದು 10.25. ಹೋದದ್ದು 49.75. ಫುಲ್ ಹೌಸ್ ಬಂದೂ ಇಷ್ಟು ಹೇಗೆ ಹೋಯಿತು?

ಬಿಂಗೋ ಒಂದನ್ನೇ ಬೇರೆ ಮಾಡಿ ಬರೆದೆ. 138 ಆಟ, ಆಟಕ್ಕೆ 30 ಪೆನ್ಸ್, ಒಟ್ಟು 41.40. ಬಂದದ್ದು ಫುಲ್ ಹೌಸ್‌ನ 21.60, ಬಿಡಿ ಸಾಲುಗಳಿಂದ 8.25. ಅಂದರೆ ಬಿಂಗೋದಲ್ಲಿ ಕಳೆದದ್ದು 11 ಪೌಂಡ್ 55 ಪೆನ್ಸ್. ಮೂರು ತಿಂಗಳಿಗೆ ಇಷ್ಟೇ. ಇಲ್ಲಿ ಒಂದು ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದರೆ ಅಷ್ಟಾಗುತ್ತದೆ.

ಮಿಕ್ಕ 38.20 ಹೋದದ್ದು ಬಿಂಗೋದಲ್ಲಿ ಅಲ್ಲವೇ ಅಲ್ಲ.

ಆಟ ಸುಮಾರು ಮೂರು ನಿಮಿಷ. ಮುಂದಿನ ಆಟಕ್ಕೆ ಟಿಕೆಟ್ ಮಾರುತ್ತಾ ಬಿಡುವು ಇನ್ನು ಮೂರು ನಿಮಿಷ. ಆ ಬಿಡುವಿನಲ್ಲಿ ತೆರೆಯ ಬದಿಗೆ ಸ್ಲಾಟ್ ಅನ್ನುವ ಒಂದು ಪುಟ್ಟ ಜೂಜಿನ ಪೆಟ್ಟಿಗೆ ಕಾಣಿಸುತ್ತದೆ. ಮೂರು ಚಕ್ರ, ಹಣ್ಣಿನ ಚಿತ್ರ, ಒಂದು ಸಲ ತಿರುಗಿಸಲು 10 ಪೆನ್ಸ್. ಬೇರೆ ಪುಟಕ್ಕೆ ಹೋಗುವುದೂ ಬೇಡ, ಚಾಟ್ ಬಿಡುವುದೂ ಬೇಡ. ಸುಮ್ನೆ ಕೂತಿದ್ದೀರಲ್ಲಾ, ತಿರುಗಿಸಿ ಅನ್ನುವಂತೆ. ನಾನು ತಿರುಗಿಸುತ್ತಿದ್ದೆ. ಅದನ್ನು ಆಟ ಅಂತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಸ್ ಕಾಯುವಾಗ ಕಡಲೆಕಾಯಿ ತಿಂದಹಾಗೆ.

ಇತಿಹಾಸ ನೋಡಿದರೆ 3,100 ಸಲ ತಿರುಗಿಸಿದ್ದೇನೆ. 310 ಪೌಂಡ್! ಹಾಕಿದ್ದೇ 60 ಆಗಿರುವಾಗ 310 ಎಲ್ಲಿಂದ ಬಂತು ಅಂತ ತಲೆ ಕೆಟ್ಟಿತು. ಮಗ ಬಿಡಿಸಿ ಹೇಳಿದ. 10 ಪೆನ್ಸ್ ಹೋಗುತ್ತದೆ, ಇನ್ನೊಮ್ಮೆ 30 ಬರುತ್ತದೆ, ಬಂದದ್ದನ್ನೇ ಮತ್ತೆ ಹಾಕುತ್ತೀಯ. ಅದೇ ಹಣ ಸುತ್ತಿ ಸುತ್ತಿ 310 ಆಗಿದೆ, ವಾಪಸ್ ಬಂದದ್ದು 271.80. ಪ್ರತಿ ಸುತ್ತಿಗೂ ಚೂರು ಚೂರು ಸವೆದು 38.20 ಮಾಯ. ಬಿಂಗೋದಲ್ಲಿ ಆರು ನಿಮಿಷಕ್ಕೆ 30 ಪೆನ್ಸ್‌ಗಿಂತ ಜಾಸ್ತಿ ಕಟ್ಟಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಆ ಬದಿಯ ಪೆಟ್ಟಿಗೆಯಲ್ಲಿ ಮೂರು ನಿಮಿಷಕ್ಕೆ ಎರಡು-ಮೂರು ಪೌಂಡ್ ತಿರುಗಿಸುತ್ತಿದ್ದೆ. ಆನ್‌ಲೈನ್ ಸ್ಲಾಟ್ ಒಂದು ಸುತ್ತಿಗೆ ಕನಿಷ್ಠ ಎರಡೂವರೆ ಸೆಕೆಂಡ್ ಇರಬೇಕು, ತಾನಾಗಿ ತಿರುಗುವ ಹಾಗೆ ಬಿಡಬಾರದು ಅಂತ 2021ರಿಂದ ಇಲ್ಲಿ ನಿಯಮ ಇದೆ. ಎರಡೂವರೆ ಸೆಕೆಂಡನ್ನು ನಿಧಾನ ಅಂತ ಕರೆಯಬೇಕಾದ ಆಟ ಅದು.

ಅಗ್ಗದ ಬಿಂಗೋವನ್ನು ಬಾಗಿಲಲ್ಲಿ ಇಟ್ಟು ಅಂಗಡಿ ನಡೆಸುವುದು ಒಳಗಿನ ಪೆಟ್ಟಿಗೆಯಿಂದ ಅಂತ ನನಗನಿಸಿತು. ಮದುವೆ ಊಟ ಪುಕ್ಕಟೆ, ಚಪ್ಪಲಿ ಕಾಯಲು ದುಡ್ಡು ಅಂದಹಾಗೆ.

ಮೊದಲು ಟೈಮ್ ಔಟ್ ತೆಗೆದುಕೊಂಡೆ. ಒಂದು ದಿನದಿಂದ ಆರು ವಾರದವರೆಗೆ ಖಾತೆಗೆ ತಾತ್ಕಾಲಿಕ ಬೀಗ ಹಾಕಿಕೊಳ್ಳಬಹುದು. ನಾನು ನಾಲ್ಕು ವಾರ ಹಾಕಿದೆ. ಇದಕ್ಕಿಂತ ಗಟ್ಟಿಯಾದದ್ದು ಬೇಕಾದವರಿಗೆ ಗ್ಯಾಮ್‌ಸ್ಟಾಪ್ ಇದೆ, ಒಮ್ಮೆ ಹೆಸರು ಕೊಟ್ಟರೆ ಬ್ರಿಟನ್ನಿನ ಲೈಸೆನ್ಸ್ ಇರುವ ಯಾವ ಸೈಟೂ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಒಳಗೆ ಬಿಡುವುದಿಲ್ಲ, ನಡುವೆ ಮನಸ್ಸು ಬದಲಿಸಿದರೂ ನಡೆಯುವುದಿಲ್ಲ. ಚಾಟ್‌ನಲ್ಲಿ ದಿನಾ ಇರುತ್ತಿದ್ದ ಒಬ್ಬರು ನವೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ಕಾಣೆಯಾಗಿದ್ದರು. ಯಾರೂ ಅವರ ಹೆಸರು ಎತ್ತಲಿಲ್ಲ. ಅವರಿಗೆ ನನ್ನ ಮೂರು ತಿಂಗಳ 38 ಪೌಂಡ್ ಒಂದು ಸಂಜೆಯ ಲೆಕ್ಕವಾಗಿತ್ತೋ ಏನೋ.

ನಾಲ್ಕು ವಾರದಲ್ಲಿ ಆಟದ ನೆನಪು ಅಷ್ಟಾಗಿ ಬರಲಿಲ್ಲ. ಚಾಟ್‌ನ ನೆನಪು ಬಂತು, ಬೆಕ್ಕು ಹೇಗಿದೆಯೋ ಅಂತ. ಹಾಗಾಗಿ ಮಿತಿಯನ್ನು ತಿಂಗಳಿಗೆ 20ರಿಂದ 10ಕ್ಕೆ ಇಳಿಸಿ ವಾಪಸ್ ಹೋದೆ. ಬದಿಯ ಪೆಟ್ಟಿಗೆಯನ್ನು ಮುಚ್ಚಿಡುವ ಗುಂಡಿ ಎಲ್ಲಾದರೂ ಇದೆಯಾ ಅಂತ ಹುಡುಕಿದೆ. ನನ್ನ ಸೈಟ್‌ನಲ್ಲಿ ಇರಲಿಲ್ಲ. ಬಿಡುವಿನಲ್ಲಿ ಫೋನ್ ಕೆಳಗಿಡುತ್ತೇನೆ ಅಂತ ನಿರ್ಧಾರ ಮಾಡಿದೆ, ಎರಡು ದಿನ ನಡೆಯಿತು. ಹೆಣಿಗೆ ಹಾಕಲು ನೋಡಿದೆ, ಬೆರಳು ಪಕ್ಕಕ್ಕೆ ಜಾರುತ್ತಿತ್ತು. ಕೊನೆಗೆ ಕೈ ಹಿಡಿದದ್ದು ಅವರೆಕಾಳು.

ಇಲ್ಲಿ ಬೆಲ್‌ಗ್ರೇವ್ ರಸ್ತೆಯ ಕಡೆ ಗುಜರಾತಿ ಅಂಗಡಿಗಳಲ್ಲಿ ಫ್ರೀಜರ್‌ನಲ್ಲಿ ಕಾಳು ಸಿಗುತ್ತದೆ, ಅವರು ಪಾಪ್ಡಿ ಲಿಲ್ವಾ ಅನ್ನುತ್ತಾರೆ. ರಾತ್ರಿ ಪಾಳಿಯ ದಿನ ಮಧ್ಯಾಹ್ನವೇ ನೀರಿಗೆ ಹಾಕಿಡುತ್ತೇನೆ. ಎಂಟೂವರೆಗೆ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಎರಡು ಪಾತ್ರೆ ಮುಂದಿಟ್ಟುಕೊಂಡು ಕೂತರೆ, ನಾಲ್ಕು ಆಟಕ್ಕೆ ಒಟ್ಟಿಗೆ ಟಿಕೆಟ್ ಕೊಂಡು ಕೈ ನೀರಿಗೆ ಇಳಿಸುವುದು. ಆಟ ತಾನಾಗಿ ನಡೆಯುತ್ತದೆ. ನಾನು ಹಿತುಕುತ್ತೇನೆ. ಒದ್ದೆ ಬೆರಳಿಗೆ ಫೋನ್ ತೆರೆ ಸರಿಯಾಗಿ ಕೇಳುವುದಿಲ್ಲ, ಒರೆಸಿಕೊಂಡು ತಿರುಗಿಸುವಷ್ಟು ಆಸೆಯೂ ಇಲ್ಲ. ಚಾಟ್‌ಗೆ ಬರೆಯಲು ಮಾತ್ರ ಒಮ್ಮೊಮ್ಮೆ ಸೆರಗಿಗೆ ಕೈ ಒರೆಸುತ್ತೇನೆ. ಸೆರಗು ಅಂದೆ, ಇಲ್ಲಿ ಅದು ಸ್ವೆಟರ್.

ಫೆಬ್ರವರಿಯಲ್ಲಿ ಒಂದು ರಾತ್ರಿ ಪಕ್ಕದ ಮನೆಯ ಅಜ್ಜಿಯೂ ಬಂದು ಕೂತರು. ಪಾತ್ರೆಗೆ ಕೈ ಹಾಕಿ ನೋಡಿ, ಹತ್ತೇ ನಿಮಿಷದಲ್ಲಿ ಹಿತುಕುವುದು ಕಲಿತರು. ಒಂದು ಕಾಳು ಚಿಮ್ಮಿ ಟಿವಿಗೆ ಬಡಿಯಿತು. ಯಂತ್ರ 'ಟೂ ಲಿಟಲ್ ಡಕ್ಸ್' ಅಂದಾಗ ಅಜ್ಜಿ ಜೋರಾಗಿ 'ಕ್ವಾಕ್ ಕ್ವಾಕ್' ಅಂದರು. ಫೋನ್ ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ ಕಾದರು. ನಾನೂ ಅಂದೆ.